ಎಲೆನ್ ಮುಳುಗಲಿಲ್ಲ

ಶಾರದಮ್ಮನವರಿಗೆ ಮರೆವು ಶುರುವಾಗಿದೆ ಎಂದು ಅವರ ಮಗಳಿಗೆ ಹೇಳಿದವಳು ನಾನು. ಅವರ ಬುದ್ಧಿ ನೆಟ್ಟಗಿದೆ ಎಂಬುದು ಚೆನ್ನಾಗಿ ಗೊತ್ತಿದ್ದೇ ಹೇಳಿದೆ. ನನ್ನದೊಂದು ಸುಳ್ಳು ಬಯಲಾಗುವುದರಲ್ಲಿತ್ತು. ಅದನ್ನು ಮುಚ್ಚಿಕೊಳ್ಳಲು ಆ ಗಳಿಗೆಯಲ್ಲಿ ಸುಲಭವಾಗಿ ಕಂಡದ್ದು ಅದೊಂದೇ ದಾರಿ. ಬಾಯಿತಪ್ಪಿ ಬಂದ ಮಾತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಬಾಯಿ ತಪ್ಪಿರಲಿಲ್ಲ.

ಬರೆಯಲು ಕೂತರೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಎದ್ದು ಅಡುಗೆಮನೆಗೆ ಹೋಗುತ್ತೇನೆ, ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತೇನೆ, ಬಂದು ಕೂರುತ್ತೇನೆ. ಆದರೂ ಹೇಳಿ ಮುಗಿಸಬೇಕು. ನನ್ನ ಹೆಸರು ಗಿರಿಜಾ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲ್‌ನಲ್ಲಿ ಮನೆ. ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ, ಗಂಡ ಹಗಲೆಲ್ಲ ಮೀಟಿಂಗುಗಳಲ್ಲೇ ಇರುತ್ತಿದ್ದ ಕಾಲದಲ್ಲಿ, ನನಗೆ ಹೊತ್ತು ಹೋಗುತ್ತಿರಲಿಲ್ಲ. ಮಾತು ನನ್ನ ಚಟ. ಕೇಳುವ ಕಿವಿಗಳು ಮನೆಯಲ್ಲಿ ಇರಲಿಲ್ಲ.

ನಮ್ಮ ಕಡೆ ಬೇಸಿಗೆ ಬಂತೆಂದರೆ ಬೆಂಗಳೂರು, ಮೈಸೂರಿನಿಂದ ಅಪ್ಪ ಅಮ್ಮಂದಿರು ಬಂದಿಳಿಯುತ್ತಾರೆ. ಮಕ್ಕಳು ಒಂದು ವಾರ ರಜೆ ಹಾಕಿ ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ, ದೇವಸ್ಥಾನ, ಔಟ್‌ಲೆಟ್ ಮಾಲು ಎಲ್ಲ ತೋರಿಸುತ್ತಾರೆ. ಆಮೇಲೆ ಹಿರಿಯರು ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಪಾರ್ಕಿಂಗ್ ಲಾಟು ನೋಡುತ್ತಾರೆ. ಅಂಥವರನ್ನು ನನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಶನಿವಾರ ಶನಿವಾರ ಉತ್ತರಕ್ಕೆ ಹೊರಡತೊಡಗಿದೆ. ದ್ರಾಕ್ಷಿ ತೋಟಗಳನ್ನು ದಾಟಿ, ತಲೆ ತಿರುಗಿಸುವ ಬೆಟ್ಟದ ರಸ್ತೆ ಹತ್ತಿ ಇಳಿದರೆ ಒಂದು ದೊಡ್ಡ ಸರೋವರ ಸಿಗುತ್ತದೆ. ಅದರ ಸುತ್ತ ಒಂದು ಬಡ ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆಯೇ ಯಾರಾದರೂ ಆ ಫೋಟೋ ಹುಡುಕಿಕೊಂಡು ಹೊರಟಾರು. ಪಿಯರ್ ತೋಟಗಳು, ಅಕ್ರೋಡದ ಮರಗಳು, ದಡದಲ್ಲಿ ಜೊಂಡು, ಆರಿದ ಜ್ವಾಲಾಮುಖಿಯ ಬೆಟ್ಟ — ನಮ್ಮ ಹಿರಿಯರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಉಸಿರಾಟ ಸರಾಗವಾಗುತ್ತಿತ್ತು.

ಸರೋವರದ ದಡದಲ್ಲಿ ಹಳೆಯ ಒಂದು ಕೋಣೆಯ ಶಾಲೆ ಇದೆ. ಈಗ ಅದು ಮ್ಯೂಸಿಯಂ. ರುತ್ ಎಂಬ ಹಿರಿಯ ಹೆಂಗಸು ಶನಿವಾರ ಅದರ ಬೀಗ ತೆಗೆದು, ಬಂದವರಿಗೆ ಎಲ್ಲ ವಿವರಿಸುತ್ತಾರೆ. ಅವರು ಹುಟ್ಟಿದ್ದು ಪಕ್ಕದ ತೋಟದಲ್ಲಿ, ಓದಿದ್ದು ಅದೇ ಕೋಣೆಯಲ್ಲಿ. ಗೋಡೆಗೆ ಅವರ ಅಕ್ಕ ಎಲೆನ್‌ಳ ಫೋಟೋ ಇದೆ. ಇಪ್ಪತ್ತು ತುಂಬದ ಹುಡುಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಸೊಂಟದ ಮೇಲೆ ಪಿಯರ್ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ರುತ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವರ ಉಚ್ಚಾರ ನಮ್ಮ ಹಿರಿಯರ ಕಿವಿಗೆ ಹತ್ತುತ್ತಿರಲಿಲ್ಲ, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅದೇ ನಮ್ಮಿಬ್ಬರ ಒಪ್ಪಂದ.

ಎಲೆನ್ ಕಥೆ ರುತ್ ಹೇಳಿದ ಪ್ರಕಾರ ಇಷ್ಟೇ. ಅವಳಿಗೆ ತೋಟವೆಂದರೆ ಆಗುತ್ತಿರಲಿಲ್ಲ. ಅಪ್ಪನ ಜೊತೆ ಜಗಳವಾಡಿ ಓಕ್‌ಲ್ಯಾಂಡ್ ನಗರಕ್ಕೆ ಹೋದಳು, ನರ್ಸ್ ಆದಳು, ಮದುವೆಯಾಗಲಿಲ್ಲ, ಜೋರಾಗಿ ನಗುತ್ತಿದ್ದಳು, ಎಂಬತ್ತು ದಾಟಿ ಬದುಕಿದಳು. ತೋಟವನ್ನೆಲ್ಲ ತನ್ನ ತಲೆಗೆ ಕಟ್ಟಿ ಹೋದಳೆಂದು ರುತ್ ಅವಳೊಡನೆ ಬಹಳ ಕಾಲ ಮಾತು ಬಿಟ್ಟಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತಿದ್ದವರೂ ಅವರೇ.

ಮೊದಮೊದಲು ನಾನೂ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಒಬ್ಬ ರಿಟೈರ್ಡ್ ಎಂಜಿನಿಯರರು ಆಕಳಿಸುತ್ತ, “ಅಷ್ಟೇನಾ? ನರ್ಸ್ ಆದ್ಲು ಅಂತ ಹೇಳೋಕೆ ಇಷ್ಟು ದೂರ ಕರ್ಕೊಂಡ್ ಬಂದ್ರಾ?” ಎಂದರು. ಎಲ್ಲರೂ ನಕ್ಕರು. ನನಗೆ ಮುಖಭಂಗವಾಯಿತು. ನಮ್ಮವರಿಗೆ ಯಾವ ಜಾಗಕ್ಕೂ ಸ್ಥಳಪುರಾಣ ಬೇಕು. ಬಂಡೆ ಕಂಡರೆ ಭೀಮ ಎಸೆದಿರಬೇಕು, ಹೊಂಡ ಕಂಡರೆ ಸೀತೆ ಮಿಂದಿರಬೇಕು. ಕೆರೆಯಾದರಂತೂ ಯಾರದೋ ಮಗಳು, ಯಾರದೋ ಸೊಸೆ ಅದಕ್ಕೆ ಆಹುತಿಯಾಗಿರಲೇಬೇಕು. ಅದು ಗೊತ್ತಿದ್ದೇ, ಮುಂದಿನ ಶನಿವಾರ ಆ ಫೋಟೋದ ಮುಂದೆ ನಿಂತು —

ಮಳೆ ಹೋಗಿ ಸರೋವರ ಬತ್ತಿತ್ತು ಎಂದೆ. ತೋಟ ಒಣಗುತ್ತಿತ್ತು ಎಂದೆ. ಮನೆಯ ಹಿರಿಯ ಮಗಳು ಕೊನೆಯ ಹಣ್ಣುಗಳನ್ನು ಬುಟ್ಟಿಗೆ ತುಂಬಿಕೊಂಡು, ನನ್ನನ್ನು ತಗೊಂಡು ನೀರು ಕೊಡು ಎಂದು ನಡೆಯುತ್ತಾ ನಡೆಯುತ್ತಾ ಕೆಸರು ದಾಟಿ ನೀರಿಗಿಳಿದಳು, ತಿರುಗಿ ಬರಲಿಲ್ಲ, ಆಮೇಲೆ ಮಳೆ ಬಂತು ಎಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಜಿನಿಯರರ ಜಾಗದಲ್ಲಿ ಅವತ್ತು ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತು ಫೋಟೋಗೆ ಕೈಮುಗಿದರು. ನನಗೆ — ಹೇಳಲು ನಾಚಿಕೆಯಾಗುತ್ತದೆ — ಬಹಳ ಸಂತೋಷವಾಯಿತು.

ರುತ್ ಅಲ್ಲೇ ನಿಂತಿದ್ದರು. ತಮ್ಮ ಅಕ್ಕನನ್ನು ನಾನು ಅವರೆದುರೇ ಮುಳುಗಿಸುತ್ತಿದ್ದೆ, ಅವರು ನಗುಮುಖದಿಂದ ತಲೆಯಾಡಿಸುತ್ತಿದ್ದರು. ಕನ್ನಡ ಅವರಿಗೆ ಬರುವುದಿಲ್ಲವಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ನನ್ನನ್ನು ಕೇಳಿದರು: ನಾನು ಹೇಳುವುದು ನಾಲ್ಕೇ ಮಾತು, ಅದಕ್ಕೆ ಯಾರೂ ಅಳುವುದಿಲ್ಲ. ನೀನು ಏನು ಹೇಳುತ್ತೀಯ?

“ನೀವು ಹೇಳಿದ್ದನ್ನೇ,” ಎಂದೆ. “ನಮ್ಮ ಭಾಷೆಯೇ ಹಾಗೆ.”

ಅವರು ನಂಬಿದರು. ಎಲೆನ್ ಸತ್ತಾಗ ಅಳಲು ಇದ್ದದ್ದು ತಾನೊಬ್ಬಳೇ, ಈಗ ಭೂಮಿಯ ಆ ತುದಿಯಿಂದ ಬಂದ ಹೆಂಗಸರು ಅವಳಿಗಾಗಿ ಅಳುತ್ತಿದ್ದಾರೆ ಎಂದು ನನ್ನ ಭುಜ ಹಿಡಿದುಕೊಂಡರು. ಆಮೇಲೆ ಎಲೆನ್ ಕಥೆ ಹೇಳುವುದನ್ನು ನನಗೇ ಬಿಟ್ಟುಕೊಟ್ಟು, ನಾವು ಬರುವ ಶನಿವಾರಗಳಿಗಾಗಿ ಅವರು ಕಾಯತೊಡಗಿದರು, ಫೋಟೋದ ಗಾಜನ್ನು ಒರೆಸಿಡತೊಡಗಿದರು. ಅದೇ ಕೋಣೆಯಲ್ಲಿ ಆ ನೆಲದ ಮೂಲನಿವಾಸಿ ಹೆಂಗಸರು ನೇಯ್ದ ಬುಟ್ಟಿಗಳಿದ್ದವು. ನೀರು ತುಂಬಿದರೂ ಸೋರದಷ್ಟು ಬಿಗಿಯಾದ ನೇಯ್ಗೆ. ಆ ಹೆಂಗಸರ ಮೊಮ್ಮಕ್ಕಳು ಇಂದಿಗೂ ಸರೋವರದ ಆಚೆ ದಡದಲ್ಲಿದ್ದಾರೆ, ಇಂದಿಗೂ ನೇಯುತ್ತಾರೆ ಎಂದು ರುತ್ ಎಷ್ಟೋ ಹೊತ್ತು ಹೇಳುತ್ತಿದ್ದರು. ನಾನು ಕನ್ನಡದಲ್ಲಿ “ಇವು ಬುಟ್ಟಿಗಳು” ಎಂದು ಮುಗಿಸಿ ಎಲ್ಲರನ್ನೂ ನನ್ನ ಕಥೆಯ ಕಡೆ ಎಳೆದು ತರುತ್ತಿದ್ದೆ.

ಒಂದು ಚಳಿಗಾಲ ಚೆನ್ನಾಗಿ ಮಳೆಯಾಯಿತು. ಬೇಸಿಗೆಯಲ್ಲಿ ಹೋದಾಗ ಸರೋವರ ದಡದ ಜೊಂಡನ್ನೂ ಮುಳುಗಿಸಿ ತುಂಬಿತ್ತು. ಕೆರೆ ತುಂಬಿದರೆ ನಮ್ಮವರು ಸುಮ್ಮನಿರುತ್ತಾರೆಯೇ? ಬಾಗಿನ ಕೊಡಬೇಕೆಂದು ಹೆಂಗಸರು ಹಟ ಹಿಡಿದರು. ಮೊರ ಎಲ್ಲಿ ಸಿಗಬೇಕು, ಗ್ರೋಸರಿ ಅಂಗಡಿಯ ಫಾಯಿಲ್ ಟ್ರೇಗಳಲ್ಲೇ ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ, ಬೆಲ್ಲ ಜೋಡಿಸಿಕೊಂಡು ಬಂದರು. ನೀರಿಗೆ ಏನೂ ಬಿಡಬಾರದು, ಮುಟ್ಟಿಸಿ ವಾಪಸು ತರಬೇಕು ಎಂದು ನಾನು ಮೊದಲೇ ಹೇಳಿದ್ದೆ. ದಡಕ್ಕೆ ಹೊರಡುವ ಮೊದಲು ಒಬ್ಬರು ಎಲೆನ್ ಫೋಟೋದ ಗಾಜಿಗೆ, ಸರಿಯಾಗಿ ಅವಳ ಹಣೆಯ ಮೇಲೆ, ಕುಂಕುಮ ಹಚ್ಚಿದರು. ರುತ್ ಬೇಡವೆನ್ನಲಿಲ್ಲ, ಅವರ ಕಣ್ಣು ಒದ್ದೆಯಾಗಿತ್ತು.

ಶಾರದಮ್ಮ ಬಂದದ್ದು ಅವತ್ತೇ. ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ನಮ್ಮ ಪಕ್ಕದೂರು ಕ್ಯುಪರ್ಟಿನೋದಲ್ಲಿ ಮಗಳು ರೂಪಾಳ ಮನೆಗೆ ಬಂದಿದ್ದರು. ದಿನಾ ಮಧ್ಯಾಹ್ನ ನಡೆದುಹೋಗಿ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಅವರ ಕೆಲಸ, ಅದರಲ್ಲಿ ಅವರಿಗೆ ಹೆಮ್ಮೆ. ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ತಾಯಿಯ ಮಾತು ತೆಗೆದರು. ಆ ತಾಯಿ ಕಡೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಯಾರೆಂದು ಕೇಳುತ್ತಿದ್ದರಂತೆ. “ಬೇರೆ ಯಾವ ಕಾಯಿಲೆಗೂ ನಂಗೆ ಹೆದರಿಕೆ ಇಲ್ಲ ಗಿರಿಜಾ. ಅದೊಂದು ಬರದೇ ಇದ್ರೆ ಸಾಕು,” ಎಂದರು. ಇದನ್ನು ನಾನು ಕೇಳಿಸಿಕೊಂಡಿದ್ದೆ. ಮರೆಯದೆ ಬರೆಯುತ್ತಿದ್ದೇನೆ — ನಾನು ಕೇಳಿಸಿಕೊಂಡಿದ್ದೆ.

ಮ್ಯೂಸಿಯಂನಲ್ಲಿ ಕಥೆ ಹೇಳಿದೆ. ಉಳಿದವರು ಟ್ರೇ ಹಿಡಿದು ದಡಕ್ಕೆ ಹೋದರು. ಮರೆತುಹೋದ ಒಂದು ಟ್ರೇ ತರಲು ನಾನು ಹಿಂತಿರುಗಿದಾಗ ಶಾರದಮ್ಮ ಫೋಟೋದ ಮುಂದೆ ರುತ್ ಜೊತೆ ನಿಂತಿದ್ದರು. ನಮ್ಮ ಹಿರಿಯರು ಯಾರೂ ರುತ್ ಜೊತೆ ‘ಹಲೋ’, ‘ಥ್ಯಾಂಕ್ಯೂ’ ದಾಟಿ ಮಾತಾಡಿದವರಲ್ಲ, ನಾನೂ ಅದಕ್ಕೆ ಅವಕಾಶ ಕೊಟ್ಟವಳಲ್ಲ. ಶಾರದಮ್ಮ ಮಾತ್ರ ಬಿಡಿಸಿ ಬಿಡಿಸಿ, ಪಾಠ ಹೇಳುವ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು: ನಿಮ್ಮ ಅಕ್ಕನ ದೇಹವಾದರೂ ಸಿಕ್ಕಿತೇ?

ರುತ್‌ಗೆ ಅರ್ಥವಾಗಲಿಲ್ಲ. ಎಲೆನ್ ತೀರಿಕೊಂಡದ್ದು ಓಕ್‌ಲ್ಯಾಂಡಿನ ಆಸ್ಪತ್ರೆಯಲ್ಲಿ, ನಾನು ಪಕ್ಕದಲ್ಲೇ ಇದ್ದೆ ಎಂದರು.

“ಇಲ್ಲ, ಈಗ ತಾನೇ ಗಿರಿಜಾ ಹೇಳಿದರಲ್ಲ, ನೀರಿಗೆ —” ಎಂದು ಶಾರದಮ್ಮ ನನ್ನ ಕಡೆ ತಿರುಗಿದರು. ರುತ್ ಕೂಡ ತಿರುಗಿದರು.

ಆಗ ಸತ್ಯ ಹೇಳಿದ್ದರೆ ಏನಾಗುತ್ತಿತ್ತು? ರುತ್ ಬೈಯುತ್ತಿದ್ದರು, ಪ್ರವಾಸ ನಿಲ್ಲುತ್ತಿತ್ತು, ಕ್ಯುಪರ್ಟಿನೋದ ನಾಲ್ಕು ಮನೆಗಳಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಅಷ್ಟೇ. ಅಷ್ಟನ್ನು ತಾಳಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಮುಗುಳ್ನಕ್ಕು, ರುತ್‌ಗೆ ಇಂಗ್ಲಿಷಿನಲ್ಲಿ, ದನಿ ಸ್ವಲ್ಪ ತಗ್ಗಿಸಿ ಹೇಳಿದೆ:

“ಅವರಿಗೆ ಸ್ವಲ್ಪ ಮರೆವು. ಒಂದನ್ನು ಇನ್ನೊಂದಕ್ಕೆ ಸೇರಿಸಿಬಿಡುತ್ತಾರೆ.”

ದನಿ ತಗ್ಗಿಸಿದ್ದು ಶಾರದಮ್ಮನಿಗೆ ಕೇಳಬಾರದೆಂದಲ್ಲ. ಕೇಳದಿರುವಷ್ಟು ದೂರದಲ್ಲಿ ಅವರಿರಲಿಲ್ಲ. ಹಾಗೆ ಹೇಳಿದರೆ ರುತ್ ಬೇಗ ನಂಬುತ್ತಾರೆಂದು ತಗ್ಗಿಸಿದೆ. ರುತ್ ಮುಖ ಮೆತ್ತಗಾಯಿತು. ಶಾರದಮ್ಮನ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಿವಿ ಕೇಳದವರ ಜೊತೆ, ಸಣ್ಣ ಮಕ್ಕಳ ಜೊತೆ ಮಾತಾಡುವಂತೆ ಜೋರಾಗಿ, ನಿಧಾನವಾಗಿ, ಪರವಾಗಿಲ್ಲ, ಏನೂ ಪರವಾಗಿಲ್ಲ ಎಂದು ಸವರಿದರು.

ಹೆಡ್‌ಮಿಸ್ಟ್ರೆಸ್ ಅಲ್ಲವೇ, ನನ್ನನ್ನು ಅಲ್ಲೇ ಗದರಿಸುತ್ತಾರೆಂದು ನಾನು ಕಾದೆ. ಅವರು ಗದರಿಸಲಿಲ್ಲ. ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. ಆಮೇಲೆ ಕನ್ನಡದಲ್ಲಿ, ಬಹಳ ಮೆಲ್ಲಗೆ, “ಈ ಫೋಟೋ ತೋರಿಸ್ಕೊಂಡೇ ಹೇಳಿದ್ರಿ ಅನ್ಕೊಂಡೆನಲ್ಲ. ಅಲ್ವಾ?” ಎಂದರು.

“ಅಲ್ಲ ಶಾರದಮ್ಮ. ಅದು ನಮ್ಮ ಕಡೆ ಒಂದು ಕೆರೆ ಕಥೆ, ದಾರೀಲಿ ಹೇಳಿದ್ದು. ನೀವು ಎರಡನ್ನೂ ಕಲೆಸ್ಕೊಂಡ್ರಿ.”

“ಹೌದಾ,” ಎಂದರು. ಇನ್ನೊಂದು ಸಲ “ಹೌದಾ” ಎಂದು ಫೋಟೋ ನೋಡಿದರು.

ವಾಪಸು ಬರುವಾಗ ನನಗೆ ಒಂದೇ ಚಿಂತೆ. ಹಿಂದಿನ ಸೀಟಿನವರು ಯಾರಾದರೂ ಆ ಹುಡುಗಿಯ ಮಾತೆತ್ತಿದರೆ ನನ್ನ ಬಣ್ಣ ಬಯಲು. ಭಜನೆಯ ಹಾಡು ಹಚ್ಚಿ ದನಿ ಏರಿಸಿದೆ, ಎಲ್ಲರೂ ತಾಳ ಹಾಕುತ್ತ ಜೊತೆಗೆ ಹಾಡಿದರು. ಪಕ್ಕದ ಸೀಟಿನಲ್ಲಿ ಶಾರದಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಫ್ರೀವೇಗೆ ಬರುವ ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಭಯ ಹುಟ್ಟಿತು. ಮನೆಗೆ ಹೋಗಿ ಮಗಳಿಗೆ ಹೇಳಿದರೆ? ಮಗಳು ಫೋನ್ ಮಾಡಿ ವಿಚಾರಿಸಿದರೆ?

ಅದಕ್ಕೇ ಅದನ್ನೂ ಮೊದಲೇ ಮುಚ್ಚಿದೆ. ಎಲ್ಲರನ್ನೂ ಇಳಿಸುವ ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ರೂಪಾ ಅಮ್ಮನನ್ನು ಕರೆದೊಯ್ಯಲು ಬಂದಿದ್ದಳು. ಅವಳನ್ನು ಪಕ್ಕಕ್ಕೆ ಕರೆದು, ಹುಬ್ಬು ಗಂಟು ಮಾಡಿಕೊಂಡು ಹೇಳಿದೆ: “ರೂಪಾ, ಗಾಬರಿ ಆಗ್ಬೇಡ. ಅಮ್ಮ ಇವತ್ತು ಸ್ವಲ್ಪ ಕನ್‌ಫ್ಯೂಸ್ ಆದ್ರು. ಯಾರೂ ಹೇಳದೇ ಇದ್ದದ್ದನ್ನ ಹೇಳಿದ್ರು ಅಂತಿದ್ರು. ಒಂದ್ಸಲ ಡಾಕ್ಟರ್‌ಗೆ ತೋರಿಸಿದ್ರೆ ಒಳ್ಳೇದೇನೋ.”

ರೂಪಾಳ ಮುಖ ಬಿಳಿಚಿಕೊಂಡಿತು. ಅಜ್ಜಿಯ ಕಥೆ ಅವಳಿಗೂ ಗೊತ್ತಿತ್ತು. ಕಾರಿನ ಬಾಗಿಲು ತಾನೇ ತೆಗೆದು, ಅಮ್ಮನ ಸೀಟ್ ಬೆಲ್ಟು ತಾನೇ ಹಾಕಿದಳು. ಬೆಳಿಗ್ಗೆ ಶಾರದಮ್ಮ ಅದನ್ನು ಸ್ವತಃ ಹಾಕಿಕೊಂಡು ಬಂದಿದ್ದರು.

ಆಮೇಲೆ ನಾನು ಪ್ರವಾಸ ನಿಲ್ಲಿಸಿದೆ, ಬೆನ್ನುನೋವು ಎಂದು ಎಲ್ಲರಿಗೂ ಹೇಳಿದೆ. ರುತ್ ಒಂದೆರಡು ಸಲ ಕರೆ ಮಾಡಿ ಯಾವಾಗ ಬರುತ್ತೀರಿ ಎಂದು ಕೇಳಿದರು, ಆಮೇಲೆ ಕೇಳಲಿಲ್ಲ. ಶಾರದಮ್ಮ ಊರಿಗೆ ಹೋದರೆಂದು ಯಾರೋ ಹೇಳಿದರು. ಅವರೇನೋ ಹೇಗೂ ಹೋಗುವವರೇ ಅಲ್ಲವೇ, ವೀಸಾದ ಆರು ತಿಂಗಳು ಮುಗಿದಿರಬೇಕು ಎಂದುಕೊಂಡು ಬೇರೆ ಕೆಲಸ ಹಿಡಿದೆ. ನಿದ್ದೆಯೇನೂ ಕೆಡಲಿಲ್ಲ. ಇದನ್ನೂ ಬರೆಯಬೇಕು.

ಇತ್ತೀಚೆಗೆ ಅದೇ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ “ಆಂಟಿ” ಎಂದರು. ರೂಪಾ. ವರ್ಷಗಳ ಮೇಲೆ ನೋಡುತ್ತಿದ್ದೆ. ಅಮ್ಮ ಹೇಗಿದ್ದಾರೆ ಎಂದು ಕೇಳದೆ ವಿಧಿಯಿರಲಿಲ್ಲ.

“ಮೈಸೂರಲ್ಲಿ ಚಿಕ್ಕಮ್ಮನ ಜೊತೆ ಇದಾರೆ ಆಂಟಿ. ಟೆಸ್ಟಲ್ಲಿ ಅಂಥದ್ದೇನೂ ಕ್ಲಿಯರಾಗಿ ಬರಲಿಲ್ಲ, ವಯಸ್ಸಿಗೆ ನಾರ್ಮಲ್ ಅಂದ್ರು. ಆದ್ರೆ ಅವರೇ ತುಂಬ ಹಿಂದೆ ಸರಿದುಬಿಟ್ರು. ಮಗೂನ ಸ್ಕೂಲಿಂದ ಕರ್ಕೊಂಡ್ ಬರಲ್ಲ ಅಂದ್ರು. ನಾನೂ ಭಯದಲ್ಲಿ ಸರಿ ಅಂದೆ. ಆಮೇಲೆ ಮಾತೇ ಕಡಿಮೆ. ಏನಾದ್ರೂ ತಪ್ಪು ಹೇಳಿಬಿಡ್ತೀನೇನೋ ಅಂತ ಯಾರು ಬಂದ್ರೂ ಒಳಗೆ ಹೋಗಿ ಕೂರೋರು. ಇಲ್ಲಿಗೆ ಮತ್ತೆ ಬರಲ್ಲ ಅಂದ್ಬಿಟ್ಟಿದಾರೆ.” ನನ್ನ ಕೈ ಮುಟ್ಟಿದಳು. “ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಯಾವಾಗ್ಲೂ ಅನ್ಕೋತಿದ್ದೆ. ಮೊದಲು ಗಮನಿಸಿದ್ದು ನೀವೇ. ಬೇರೆಯೋರಾಗಿದ್ರೆ ನಮಗ್ಯಾಕೆ ಅಂತ ಸುಮ್ಮನಿರ್ತಿದ್ರು.”

“ಅಯ್ಯೋ, ಅದರಲ್ಲೇನಿದೆ,” ಎಂದೆ. ಹಾಗೆಂದೆ, ಸೊಪ್ಪನ್ನು ಬುಟ್ಟಿಗೆ ಹಾಕಿಕೊಂಡು ಮುಂದೆ ಹೋದೆ.

ಅವತ್ತಿನಿಂದ ನನಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಹೇಳಬೇಕಾದ್ದು ರೂಪಾಳಿಗೆ, ಶಾರದಮ್ಮನಿಗೆ. ನಾನು ಮೊದಲು ಓಡಿದ್ದು ಸರೋವರಕ್ಕೆ — ರುತ್ ಹೊರಗಿನವರು, ಅವರಿಗೆ ಹೇಳುವುದು ಸುಲಭ ಎಂಬ ಲೆಕ್ಕಾಚಾರ. ಹೇಡಿಗೂ ಒಂದು ಕ್ರಮವಿರುತ್ತದೆ. ರುತ್ ಈಗ ಕೋಲು ಹಿಡಿದು ನಡೆಯುತ್ತಾರೆ. ಫೋಟೋ ಅಲ್ಲೇ ಇತ್ತು. ನಾನು ಎಲ್ಲ ಹೇಳಿದೆ. ಅವರು ಬೆಂಚಿನ ಮೇಲೆ ಕೂತರು. ಹಾಗಾದರೆ ಅವರೆಲ್ಲ ಅತ್ತದ್ದು ಎಲೆನ್‌ಗಾಗಿ ಅಲ್ಲ ಎಂದರು. ಅಲ್ಲ ಎಂದೆ. ಅವಳು ಬದುಕಿದಳು, ಅದು ನಿಮ್ಮ ಜನಕ್ಕೆ ಸಾಲದಾಯಿತೇ ಎಂದು ಕೇಳಿದರು. ಆಮೇಲೆ ಕೋಲೂರಿ ಎದ್ದು, ಅವತ್ತು ತಾವು ಕೈ ಸವರಿ ಸಮಾಧಾನ ಮಾಡಿದ ಆ ಹೆಂಗಸು ಬದುಕಿದ್ದಾಳೆಯೇ ಎಂದರು. ಇದ್ದಾರೆ ಎಂದೆ. ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ ಎಂದರು.

ಮೈಸೂರಿನ ನಂಬರು ಹುಡುಕಿ ಕರೆ ಮಾಡಿದೆ. ಶಾರದಮ್ಮನವರೇ ಎತ್ತಿಕೊಂಡರು. ಗುರುತು ಹಿಡಿಯುತ್ತಾರೋ ಇಲ್ಲವೋ ಎಂದುಕೊಂಡು ನಾನು ಹೆಸರು ಹೇಳುವ ಮೊದಲೇ, ದನಿ ಕೇಳಿ, “ಗಿರಿಜಾ ಅಲ್ವಾ?” ಎಂದರು. ನಾನು ತೊದಲುತ್ತ ತೊದಲುತ್ತ ಹೇಳಿದೆ. ನೀವು ಕೇಳಿಸಿಕೊಂಡದ್ದು ಸರಿ, ಆ ಫೋಟೋ ತೋರಿಸಿಯೇ ಹೇಳಿದ್ದೆ, ಕಥೆ ನಾನು ಕಟ್ಟಿದ್ದು, ಸಿಕ್ಕಿಬೀಳುತ್ತೇನೆಂದು ನಿಮ್ಮ ಮೇಲೆ ಹಾಕಿದೆ, ರೂಪಾಳಿಗೂ ಬೇಕೆಂದೇ ಸುಳ್ಳು ಹೇಳಿದೆ, ನಿಮಗೆ ಏನೂ ಆಗಿರಲಿಲ್ಲ —

ಅವರು ಅವತ್ತಿನ ಮಾತು ತೆಗೆದರು. ಆ ಹುಡುಗಿ ಬುಟ್ಟಿಯನ್ನು ಎಡ ಸೊಂಟದ ಮೇಲೆ ಇಟ್ಟುಕೊಂಡಿದ್ದಳು, ರುತ್ ನೀಲಿ ಸ್ವೆಟರ್ ಹಾಕಿದ್ದರು, ಕುಂಕುಮ ಗಾಜಿನ ಮೇಲೆ ಸ್ವಲ್ಪ ಇಳಿದು ಮೂಗಿನವರೆಗೆ ಬಂದಿತ್ತು, ಫಾಯಿಲ್ ಟ್ರೇ ತರಲೆಂದು ಬಂದ ನಾನು ಬಾಗಿಲಲ್ಲಿ ನಿಂತಿದ್ದೆ. ಎಲ್ಲವನ್ನೂ, ನಾನು ಮರೆತದ್ದನ್ನೂ, ಒಂದೊಂದಾಗಿ ಹೇಳಿದರು.

“ವಾಪಸ್ ಬರೋವಾಗ ಹಿಂದೆ ಕೂತಿದ್ದವರನ್ನ ಕೇಳ್ಬೇಕು ಅನ್ನಿಸ್ತು,” ಎಂದರು. “ಗಿರಿಜಾ ಹಾಗೆ ಹೇಳಿದ್ದು ಹೌದಾ ಅಂತ. ಅವರೂ ಇಲ್ಲ ಅಂದ್ರೆ ಏನು ಮಾಡ್ಲಿ ಅಂತ ಕೇಳಲಿಲ್ಲ.”

“ಕೇಳಿದ್ರೆ ಹೌದು ಅಂತಿದ್ರು ಶಾರದಮ್ಮ. ಎಲ್ರೂ ಕೇಳಿಸ್ಕೊಂಡಿದ್ರು.”

ಅವರು ಸಣ್ಣಗೆ ನಕ್ಕರು. “ರೂಪಾ ಹೇಳಿದ್ಲಾ, ಹೀಗೆ ಹೇಳಿ ಅಂತ? ಪಾಪ, ಅವಳಿಗೂ ನನ್ನದೇ ಯೋಚನೆ. ನಮ್ಮ ತಾಯಿಗೂ ನಾವು ಹೀಗೇ ಹೇಳ್ತಿದ್ವಿ ಗಿರಿಜಾ, ನಿಂಗೇನೂ ಆಗಿಲ್ಲಮ್ಮ, ನಮ್ಮದೇ ತಪ್ಪು ಅಂತ. ಅವರಿಗೆ ಸಮಾಧಾನ ಆಗಲಿ ಅಂತ. ನಿಮ್ಮದು ಒಳ್ಳೇ ಮನಸ್ಸು.”

ಇಲ್ಲ, ಇದು ಸಮಾಧಾನಕ್ಕಲ್ಲ, ಆಣೆ ಮಾಡುತ್ತೇನೆ ಎಂದೆ. ಆಯ್ತು ಆಯ್ತು ಎಂದರು, ಹಟ ಮಾಡುವ ಮಕ್ಕಳಿಗೆ ಅನ್ನುವ ಹಾಗೆ. ಒಂದು ನಿಮಿಷ ಇರಿ, ಸ್ಟವ್ ಆರಿಸಿದೀನಾ ನೋಡ್ಕೊಂಡು ಬರ್ತೀನಿ ಎಂದು ಫೋನನ್ನು ಮೇಜಿನ ಮೇಲಿಟ್ಟರು. ಚಪ್ಪಲಿ ಎಳೆದುಕೊಂಡು ಹೋದ ಸದ್ದು ಕೇಳಿಸಿತು, ವಾಪಸು ಬಂದ ಸದ್ದು, ಅರ್ಧಕ್ಕೆ ನಿಂತು ಮತ್ತೆ ಒಳಗೆ ಹೋದ ಸದ್ದು.

“ಆರಿಸಿದ್ದೆ,” ಎಂದರು ಬಂದು. “ಆರಿಸಿದ್ದು ನೆನಪೂ ಇತ್ತು. ಆದ್ರೂ ನೋಡ್ಲೇಬೇಕು.”

ನಾಳೆ ರೂಪಾಳ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆದ ಕೂಡಲೇ, ಒಳಗೆ ಕರೆದು ಕಾಫಿ ಕೊಡುವ ಮೊದಲೇ ಹೇಳಬೇಕು. ಅವಳು ನನ್ನನ್ನು ನಂಬುತ್ತಾಳೆ — ಅವತ್ತೂ ಒಂದೇ ಮಾತಿಗೆ ನಂಬಿದ್ದಳು. ಅವಳ ಅಮ್ಮ ನಂಬುತ್ತಾರೋ ಇಲ್ಲವೋ, ಪ್ರತಿ ವಾರ ಮೈಸೂರಿಗೆ ಕರೆ ಮಾಡಿ ಇದೇ ಮಾತು ಹೇಳುತ್ತೇನೆ. ಅವರು ಪ್ರತಿ ವಾರವೂ ನನ್ನದು ಒಳ್ಳೆಯ ಮನಸ್ಸು ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುತ್ತೇನೆ.